ತಂಗಿಯ ಎದುರು ನೋಡದೆ ಬಿಟ್ಟ ಹೋರಿ

ನನ್ನ ತಂಗಿಗೆ ಬೀಜದ ಹೋರಿ ಕೊಡಿಸುವಾಗ ನಾನು ಅದನ್ನು ಪೂರ್ತಿ ಪರೀಕ್ಷೆ ಮಾಡಲಿಲ್ಲ. ಏನು ನೋಡಬೇಕೆಂದು ಗೊತ್ತಿತ್ತು. ನೋಡುವ ಅನುಕೂಲವೂ ಅಲ್ಲೇ ಇತ್ತು. ಹೋರಿಯ ಯಜಮಾನನೇ ಬಾಯಿಬಿಟ್ಟು ‘ನೋಡ್ರಿ’ ಎಂದಿದ್ದ. ನೋಡದೆ ‘ಎಲ್ಲಾ ಚಲೋ ಐತಿ’ ಎಂದುಬಿಟ್ಟೆ. ಇದು ಮೊದಲನೇ ತಪ್ಪು. ಎರಡನೆಯದು ಇದಕ್ಕಿಂತ ಕೆಟ್ಟದ್ದು. ಅದರ ಮಾತು ಮುಂದೆ ಬರುತ್ತದೆ.

ನಮ್ಮೂರು ಬಂಕಾಪುರದ ಹತ್ತಿರ. ತಂಗಿಯನ್ನು ಕೊಟ್ಟದ್ದು ಹಿರೇಕೆರೂರು ಕಡೆಯ ಒಂದು ಹಳ್ಳಿಗೆ. ಅವಳ ಓಣಿಯಲ್ಲಿ ಏಳೆಂಟು ಮನೆಯವರು ಜವಾರಿ ಆಕಳು ಸಾಕುತ್ತಾರೆ. ಜವಾರಿ ಆಕಳ ಬೆದೆ ಬಹಳ ಹೊತ್ತು ನಿಲ್ಲುವುದಿಲ್ಲ. ಬೆಳಿಗ್ಗೆ ಒದರಿದರೆ ಸಂಜೆಗೆ ಸುಮ್ಮನಾಗುತ್ತದೆ. ಕೃತಕ ಗರ್ಭಧಾರಣೆಯ ಸೂಜಿ ಹಾಕುವವನಿಗೆ ಫೋನ್ ಮಾಡಿ, ಅವನು ಬೇರೆ ಊರು ಮುಗಿಸಿ ಬರುವಷ್ಟರಲ್ಲಿ ಬೆದೆ ಇಳಿದಿರುತ್ತಿತ್ತು. ಹೀಗೆ ಆಕಳುಗಳು ಖಾಲಿ ಉಳಿದಾಗ ತಂಗಿ ಓಣಿಯವರಿಗೆ ಹೇಳಿದಳು: ‘ಎಲ್ಲಾರೂ ಕೂಡಿ ಒಂದು ಹೋರಿ ತರೂಣು. ನನ್ನ ಹಿತ್ತಲದಾಗ ಕಟ್ತೇನಿ, ನಾನ ಮೇವು ಹಾಕ್ತೇನಿ. ನಮ್ಮಣ್ಣ ನೋಡಿ ಕೊಡಿಸ್ತಾನ.’

ಆ ಮಾತಿನ ಮೇಲೆ ಅವರೆಲ್ಲ ಒಪ್ಪಿದರು. ನಮ್ಮ ಕಡೆ ಎತ್ತು, ಹೋರಿ ಕೊಳ್ಳುವವರು ನನ್ನನ್ನು ಕರೆದುಕೊಂಡು ಹೋಗುತ್ತಾರೆ. ನಾನು ನೋಡಿ ಹೂಂ ಎಂದರೆ ಕೊಳ್ಳುತ್ತಾರೆ. ತಂಗಿಗೆ ಅದೇ ಹೆಮ್ಮೆ.

ಸವಣೂರಿನಲ್ಲಿ ಒಬ್ಬ ವಯಸ್ಸಾದ ಸಾಹೇಬರ ಹತ್ತಿರ ಒಳ್ಳೆಯ ಹೋರಿ ಇದೆ ಎಂದು ಕೇಳಿದ್ದೆ. ಅವರದು ಒಕ್ಕಲುತನ, ಜೊತೆಗೆ ದನದ ವ್ಯಾಪಾರ. ಹೋರಿಯನ್ನು ಓಟಕ್ಕೆಂದು ಬೆಳೆಸಿದ್ದರು. ಓಟದ ಹೋರಿಯನ್ನು ಆಕಳ ಸನಿಹ ಬಿಡುವುದಿಲ್ಲ, ಬಿಟ್ಟರೆ ಕಸುವು ಇಳಿಯುತ್ತದೆ ಎಂಬುದು ಸಾಕುವವರ ನಂಬಿಕೆ. ಹಾಗಾಗಿ ಅದು ಇನ್ನೂ ಒಂದು ಆಕಳನ್ನೂ ಹಾರಿರಲಿಲ್ಲ. ತಂಗಿಯ ಗಂಡ ಗೋವಿನಜೋಳ ಒಕ್ಕುವ ಮಶೀನು ನಡೆಸುತ್ತಾನೆ. ಅವನಿಗೆ ಸುಗ್ಗಿಯ ಕೆಲಸ ಇತ್ತು. ತಂಗಿ ಒಬ್ಬಳೇ ಬಸ್ ಹಿಡಿದು ಬಂದಳು.

ಹೋರಿ ನೋಡುವುದಕ್ಕೆ ನನ್ನದೊಂದು ಕ್ರಮ ಇದೆ. ಮೊದಲು ಹತ್ತಿರ ಹೋಗುವುದಿಲ್ಲ. ಅದು ಮಲಗಿದ್ದರೆ ತಾನಾಗಿ ಏಳಲಿ ಎಂದು ಕಾಯುತ್ತೇನೆ. ಸೊಂಟದಲ್ಲಿ ನೋವಿದ್ದರೆ ಏಳುವಾಗ ಗೊತ್ತಾಗುತ್ತದೆ. ಆಮೇಲೆ ಗಟ್ಟಿ ನೆಲದ ಮೇಲೆ ನಡೆಸಿ, ಹಿಂಗಾಲು ಮುಂಗಾಲಿನ ಹೆಜ್ಜೆಯಲ್ಲೇ ಬೀಳುತ್ತದೆಯೇ ನೋಡುತ್ತೇನೆ. ಬೀಜದ ಹೋರಿ ಎರಡು ಹಿಂಗಾಲಿನ ಮೇಲೆ ಇಡೀ ಮೈ ಹೊರಬೇಕು. ಹಿಂಗಾಲ ಕೀಲು ಬಹಳ ನೆಟ್ಟಗಿರಬಾರದು, ಬಹಳ ಬಾಗಿರಲೂಬಾರದು. ಗೊರಸಿನ ನಡುವೆ ಬೆರಳಿಟ್ಟು ಒತ್ತುತ್ತೇನೆ. ಕಣ್ಣೆದುರು ಟವೆಲ್ ಬೀಸುತ್ತೇನೆ. ತುಟಿ ಎತ್ತಿ ಹಲ್ಲು ನೋಡುತ್ತೇನೆ.

ಸಾಹೇಬರ ಹೋರಿ ನಾಲ್ಕು ಹಲ್ಲಿನದು. ಬಿಳಿ ಮೈ, ಹೆಗಲ ಮೇಲೆ ಬೂದಿ ಚೆಲ್ಲಿದಂಥ ಬಣ್ಣ. ಎದ್ದು ಮೈ ಮುರಿದು ನಿಂತ ರೀತಿಯಲ್ಲೇ ಅರ್ಧ ಮನಸ್ಸು ಒಪ್ಪಿತು. ಮೈಮೇಲಿನ ಕೂದಲ ಸುಳಿಗಳೂ ದೋಷವಿಲ್ಲದವು. ಬೆನ್ನ ಮೇಲೆ ಕೈ ಎಳೆದರೆ ಚರ್ಮ ಎಣ್ಣೆ ಸವರಿದಂತೆ ಸರಿಯಿತು. ತಂಗಿ ಹಗ್ಗ ಹಿಡಿದು ನಿಂತಿದ್ದಳು. ಹೋರಿ ಅವಳ ಸೆರಗು ಮೂಸಿತು.

‘ನೋಡ್ರಿ, ಹೆಣ್ಣಮಗಳ ಕೈಗೆ ಹೆಂಗ ನಿಂತಾನ! ನನ್ನ ಮಗನಿಗೆ ದಿನಾ ಒಂದು ಒದಿಕಿ ಇರ್ತೈತಿ’ ಎಂದು ಸಾಹೇಬರು ನಕ್ಕರು.

ಇನ್ನು ಉಳಿದದ್ದು ಹೊಟ್ಟೆಯ ಕೆಳಗಿನದು. ಹಿಂದೆ ಕುಳಿತು ಎರಡೂ ಬೀಜಗಳನ್ನು ಅಂಗೈಯಲ್ಲಿ ತೂಗಿ, ಸಮ ಇವೆಯೇ, ಗಟ್ಟಿ ಇವೆಯೇ, ಗಂಟು ಏನಾದರೂ ಇದೆಯೇ ಎಂದು ಒತ್ತಿ ನೋಡಬೇಕು. ಆಮೇಲೆ ಬೆದೆಗೆ ಬಂದ ಆಕಳ ಹತ್ತಿರ ಬಿಟ್ಟು, ಅದು ಹಾರುವಾಗ ಪಕ್ಕದಲ್ಲಿ ಬಗ್ಗಿ ನಿಂತು, ಅಂಗ ಹೊರಗೆ ಬಂದು ಸರಿಯಾದ ಜಾಗ ಸೇರುತ್ತದೆಯೇ ಎಂದು ಕಣ್ಣಾರೆ ಕಾಣಬೇಕು. ಬೇರೆಯವರಿಗೆ ನೋಡುವಾಗ ನಾನು ಇದನ್ನು ಒಂದು ಸಲವೂ ಬಿಟ್ಟವನಲ್ಲ.

ತಂಗಿ ಎರಡು ಮಾರು ದೂರದಲ್ಲಿದ್ದಳು. ನಮ್ಮ ಮನೆಯಲ್ಲಿ ಆಕಳನ್ನು ಹೋರಿಗೆ ಒಯ್ಯುವ ದಿನ ಅವ್ವ ಅವಳನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡುತ್ತಿದ್ದಳು. ಅಣ್ಣ ತಂಗಿ ಒಂದೇ ಕಡೆ ನಿಂತು ಅದನ್ನು ನೋಡುವುದಿರಲಿ, ಆ ಮಾತು ಕಿವಿಗೆ ಬಿದ್ದರೂ ಒಬ್ಬರು ಎದ್ದು ಹೋಗುತ್ತಿದ್ದೆವು. ನಾನು ಹೋರಿಯ ಹಿಂದೆ ಅರ್ಧ ಕುಳಿತು, ಬೀಜದ ಚೀಲವನ್ನು ಮುಟ್ಟಿದೆನೋ ಇಲ್ಲವೋ ಎಂಬಂತೆ ಮುಟ್ಟಿ ಎದ್ದೆ. ಮುಖ ಬಿಸಿಯಾಗಿತ್ತು.

ಸಾಹೇಬರು ಹಿತ್ತಲಿನ ಕಡೆ ಕೈ ತೋರಿಸಿದರು. ‘ಅಲ್ಲಿ ನಮ್ಮ ಆಕಳ ಮುಂಜಾನಿಂದ ಒದರಾಕತ್ತೈತಿ. ಒಂದು ಸಲ ಬಿಟ್ಟು ನೋಡ್ರಿ. ನಾ ಇದನ್ನ ಬರೇ ಓಡಿಸೇನಿ, ಹಾರಿಸಿಲ್ಲ. ಕೊಟ್ಟಮ್ಯಾಲ ನನ್ನ ಮ್ಯಾಲ ಮಾತು ಬರಬಾರದು.’

ತಂಗಿ ನೆಲ ನೋಡುತ್ತಿದ್ದಳು. ನಾನು ‘ಬ್ಯಾಡ ಬಿಡ್ರಿ. ನೋಡಿದ್ರ ತಿಳೀತೈತಿ’ ಎಂದೆ.

‘ಅರೆ ಭಾಯಿ, ಮದಲಿಂಗನ ಹಲ್ಲು ನೋಡಿದ್ರಿ, ಕಾಲು ನೋಡಿದ್ರಿ, ಸುಳಿ ನೋಡಿದ್ರಿ. ಕನ್ಯಾ ತೋರಸ್ತೇನಿ ಅಂದ್ರ ಒಲ್ಲೆ ಅಂತೀರಲ್ಲ!’

ತಂಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಗಡಬಡಿಸಿ ವ್ಯವಹಾರ ಮುಗಿಸಿದೆ. ಹೋರಿಯನ್ನು ಟೆಂಪೋಗೆ ಹತ್ತಿಸಿ ಹಾನಗಲ್ ದಾಟಿಸಿದೆವು. ಅಕ್ಕಿಆಲೂರಿನಲ್ಲಿ ನಿಲ್ಲಿಸಿ ನೀರು ಕುಡಿಸಿದೆವು. ಅಲ್ಲಿ ತಂಗಿ ‘ಅಣ್ಣಾ, ಖರೇನ ಚಲೋ ಐತಲ್ಲ?’ ಎಂದು ಕೇಳಿದಳು. ‘ನಾ ಹೇಳ್ತೇನಲ್ಲ’ ಎಂದೆ.

ಅವಳ ಊರಿನಲ್ಲಿ ಹೋರಿಗೆ ಆರತಿ ಎತ್ತಿದರು. ಒಂದು ವಾರದೊಳಗೆ ಮೊದಲನೇ ಆಕಳು ಬಂತು. ಅಲ್ಲಿ ಹೋರಿ ಹಾರಿಸುವ ಪದ್ಧತಿ ಹೀಗಿದೆ: ಹಿತ್ತಲಲ್ಲಿ ಎರಡು ಕಂಬದ ನಡುವೆ ಆಕಳನ್ನು ಕಟ್ಟುತ್ತಾರೆ. ಹೆಂಗಸರು ಗೋಡೆಯ ಆಚೆ ಹೋಗುತ್ತಾರೆ. ಮೂಗುದಾರ ಹಿಡಿದ ಗಂಡಸು ಆಕಳ ಮುಖದ ಕಡೆ ನಿಂತು ಬೇರೆ ಎಲ್ಲೋ ನೋಡುತ್ತಾನೆ. ಹೋರಿ ಹಾರಿ ಇಳಿದ ಕೂಡಲೇ ಆಕಳ ಬೆನ್ನಿಗೆ ಒಂದು ಕೊಡ ನೀರು ಸುರಿದು ಹೊಡೆದುಕೊಂಡು ಹೋಗುತ್ತಾರೆ. ಹಾರಿತೇ ಇಲ್ಲವೇ ಎಂಬುದಷ್ಟೇ ಕೇಳುವ ಮಾತು. ನಮ್ಮ ಹೋರಿ ಹಾರುತ್ತಿತ್ತು. ಒಂದಲ್ಲ, ಎರಡು ಮೂರು ಸಲ ಹಾರುತ್ತಿತ್ತು. ‘ಎಂಥ ಕಸುವಿನದು ತಂದಾನ ನಿಮ್ಮಣ್ಣ’ ಎಂದು ಹೊಗಳಿದರಂತೆ.

ಮೂರು ವಾರಕ್ಕೆ ಆ ಆಕಳು ಗಬ್ಬ ನಿಲ್ಲದೆ ಮತ್ತೆ ಒದರಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಮೊದಲು ಆಕಳುಗಳ ಮೇಲೆ ತಪ್ಪು ಹೊರಿಸಿದರು. ಮೇವು ಸಾಲದು ಎಂದರು, ಉಷ್ಣ ಎಂದರು. ತಂಗಿ ಫೋನಿನಲ್ಲಿ ಹೇಳಿದಾಗ ನಾನು ‘ಖನಿಜದ ಉಪ್ಪು ಹಾಕಸ್ರಿ, ಮೊಳಕಿಕಾಳು ತಿನ್ನಸ್ರಿ’ ಎಂದೆ. ಹಾಗೆ ಹೇಳುವಾಗಲೇ ಸಾಹೇಬರ ಹಿತ್ತಲಿನಲ್ಲಿ ಒದರುತ್ತಿದ್ದ ಆಕಳು ಕಣ್ಣ ಮುಂದೆ ಬರುತ್ತಿತ್ತು. ಆದರೂ ಹೋಗಿ ನೋಡಲಿಲ್ಲ. ಸುಗ್ಗಿ ಮುಗಿಯಲಿ ಎಂದು ನನಗೆ ನಾನೇ ನೆಪ ಹೇಳಿಕೊಂಡೆ.

ಸುಗ್ಗಿ ಮುಗಿದು ಹೋದಾಗ ತಂಗಿ ಬಾಗಿಲಿಗೆ ಬರಲಿಲ್ಲ. ಒಳಗೆ ಒಲೆಯ ಮುಂದೆ ಕುಳಿತಿದ್ದಳು. ಕಟ್ಟೆಯ ಮೇಲೆ ಎದುರುಮನೆಯ ಅಜ್ಜಿ, ಇನ್ನಿಬ್ಬರು ಆಕಳ ಯಜಮಾನರು ಇದ್ದರು. ಅಜ್ಜಿ ಎಲೆಯಡಿಕೆ ಜಗಿಯುತ್ತ ನನ್ನನ್ನು ಕುಳ್ಳಿರಿಸಿಕೊಂಡಳು.

‘ಬರ್ರಿ, ಕುಂದರ್ರಿ. ನಿಮ್ಮ ಹೋರಿ ಚಲೋನ ಐತ್ರಿ. ನಮಗ ಅದರ ಮ್ಯಾಲ ಸಿಟ್ಟಿಲ್ಲ.’

‘ಮತ್ತ ಯಾಕ ಆಕಳ ಗಬ್ಬ ನಿಲ್ಲವಲ್ವು, ಅಜ್ಜಿ?’ ಎಂದೆ.

ಅಜ್ಜಿ ದನಿ ಇಳಿಸಲಿಲ್ಲ. ಒಳಗೆ ಕೇಳಲಿ ಎಂದೇ ಹೇಳಿದಳು. ‘ಮೇವು ಹಾಕೂ ಕೈ ಯಾವದು ಐತಿ ನೋಡ್ರಿ. ಮದುವಿಯಾಗಿ ಎಷ್ಟು ವರ್ಷಾತು, ಆಕಿ ತೊಟ್ಲಾನ ಕಟ್ಟಿಲ್ಲ. ಬಂಜಿ ಕೈಯಾಗ ಬೀಜ ಕೊಟ್ರ ಹೊಲಾನೂ ಬೆಳಿಯಂಗಿಲ್ಲ. ಹೋರಿ ಏನ ಮಾಡೀತು?’

ಉಳಿದಿಬ್ಬರು ತಲೆ ಆಡಿಸಿದರು.

ನನಗೆ ಸಿಡಿಲು ಬಡಿದಂತಾಯಿತು. ಆದರೆ ನಾನು ಇಲ್ಲಿ ಬರೆಯಲೇಬೇಕಾದದ್ದು ಅದಲ್ಲ. ಆ ಮಾತು ಕೇಳಿದ ಮರುಗಳಿಗೆಯಲ್ಲಿ, ಅದು ನಿಜವೇ ಆಗಿರಲಿ ಎಂದು ನನ್ನ ಮನಸ್ಸು ಆಸೆಪಟ್ಟಿತು. ಅವಳ ಕೈಯದೇ ದೋಷವಾದರೆ ನನ್ನ ಕಣ್ಣಿನ ದೋಷ ಹೊರಬರುವುದಿಲ್ಲ. ಬಾಯಿ ತೆರೆದು ನಾನು ಹೇಳಿದ್ದು ಇಷ್ಟೇ: ‘ಹೂಂ. ನೋಡೂಣು ಬಿಡ್ರಿ, ದೇವರದಾನ.’

ಹೂಂ ಎಂದೆ. ಒಡಹುಟ್ಟಿದವಳು ಗೋಡೆಯ ಆಚೆ ಕುಳಿತಿದ್ದಾಳೆ ಎಂದು ಗೊತ್ತಿದ್ದೂ ಹೂಂ ಎಂದೆ.

ತಂಗಿ ಬಡಿಸಿದ ಊಟ ಮುಗಿಸಿದೆ. ಹಿತ್ತಲಿಗೆ ಹೋಗಿ ನೋಡಿದರೆ ಹೋರಿಗೆ ಮೇವು ಹಾಕುತ್ತಿದ್ದವಳು ಪಕ್ಕದ ಮನೆಯ ಸೊಸೆ, ನನ್ನ ತಂಗಿಯಲ್ಲ. ಹೋರಿ ಮಾತ್ರ ಬುಟ್ಟಿ ಬಿಟ್ಟು ಅಡುಗೆಮನೆಯ ಬಾಗಿಲ ಕಡೆಗೇ ಮುಖ ಮಾಡಿ ನಿಂತಿತ್ತು.

‘ನೀ ಯಾಕ ಹಾಕವಲ್ಲಿ?’ ಎಂದು ತಂಗಿಯನ್ನು ಕೇಳಿದೆ.

ಅವಳು ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ‘ಅಣ್ಣಾ, ನಿನಗ ದನದ ವಿದ್ಯಾ ಗೊತ್ತೈತಿ. ನನ್ನ ಕೈಯಾಗ ಖರೇನ ಏನಾರ ಇದ್ದೀತೇನು? ಮುಟ್ಟಿದ್ದಕ್ಕ ಹತ್ತತೈತೇನು?’

ಅವಳು ನಂಬಿಬಿಟ್ಟಿದ್ದಳು. ಊರು ಹೇಳಿದ್ದಕ್ಕಲ್ಲ, ನಾನು ಹೂಂ ಅಂದದ್ದಕ್ಕೆ. ‘ಹುಚ್ಚಿ, ಹಂಗೇನಿಲ್ಲ’ ಎಂದಷ್ಟೇ ಅಂದು ಹೊರಗೆ ಬಂದೆ. ಅಂದು ಊರಿಗೆ ಹಿಂತಿರುಗಲಿಲ್ಲ. ಹಿರೇಕೆರೂರಿಗೆ ಹೋಗಿ ದನದ ಡಾಕ್ಟರಮ್ಮನನ್ನು ಕಂಡೆ. ವಯಸ್ಸು ಸಣ್ಣದು, ಮಾತು ನೇರ. ಎಲ್ಲ ಕೇಳಿಸಿಕೊಂಡು ಆಕೆ ಒಂದೇ ಪ್ರಶ್ನೆ ಹಾಕಿದಳು.

‘ಹೋರಿ ಹಾರಿದ್ದು ಸರಿ. ಒಳಗ ಹೋಗಿದ್ದು ಯಾರರೆ ನೋಡೀರೇನು?’

‘ಇಲ್ರಿ.’

‘ಕೊಳ್ಳೂವಾಗ?’

‘ಇಲ್ರಿ.’

ಆಕೆ ಬೈಯಲಿಲ್ಲ. ‘ಬೆದೀಗೆ ಬಂದ ಆಕಳ ಇದ್ದ ದಿನ ಫೋನ್ ಮಾಡ್ರಿ’ ಎಂದಳು.

ಎರಡು ದಿನದಲ್ಲಿ ಒಂದು ಆಕಳು ಒದರಿತು. ಡಾಕ್ಟರಮ್ಮ ಬಂದು ಹೋರಿಯನ್ನು ಕಂಬಗಳ ನಡುವೆ ಕಟ್ಟಿಸಿದಳು. ನಾನು ಕಣ್ಣಳತೆಯಲ್ಲಿ ಬಿಟ್ಟಿದ್ದ ಬೀಜದ ಚೀಲವನ್ನು ಆಕೆ ಟೇಪು ಸುತ್ತಿ ಅಳೆದಳು. ಎರಡೂ ಬೀಜಗಳನ್ನು ಕೆಳಗೆ ಜಗ್ಗಿ, ಮೇಲಿನಿಂದ ಬುಡದವರೆಗೆ ಬೆರಳಾಡಿಸಿದಳು. ಕೈಗವಸು ಹಾಕಿಕೊಂಡು ಗುದದ್ವಾರದಿಂದ ಒಳಗಿನ ಗ್ರಂಥಿಗಳನ್ನು ಮುಟ್ಟಿ ನೋಡಿದಳು. ರೋಗದ ಪರೀಕ್ಷೆಗೆಂದು ರಕ್ತ ತೆಗೆದು ಸೀಸೆಗೆ ತುಂಬಿದಳು. ‘ಬೀಜ ಭಾಳ ಚಲೋ ಅದಾವ. ಈಗ ಆಕಳ ತರ್ರಿ’ ಎಂದಳು.

ಓಣಿಯ ಹೆಂಗಸರು ರೂಢಿಯಂತೆ ಗೋಡೆಯ ಆಚೆ ಹೊರಟರು. ಸುಗ್ಗಿ ಮುಗಿಸಿ ತಂಗಿಯ ಗಂಡ ಮನೆಯಲ್ಲೇ ಇದ್ದ, ಅವನು ಹೋರಿಯ ಹಗ್ಗ ಹಿಡಿದ. ಆಕಳ ಮೂಗುದಾರ ಹಿಡಿಯಲು ಒಬ್ಬರು ಬೇಕಾಗಿತ್ತು. ಡಾಕ್ಟರಮ್ಮ ತಂಗಿಯನ್ನು ಕರೆದಳು. ‘ನೀವ ಹಿಡೀರಿ. ನಿಮ್ಮ ಕೈಗೆ ದನ ಹೆದರೂದಿಲ್ಲ.’ ತಂಗಿ ನನ್ನ ಕಡೆ ನೋಡಿದಳು. ನಾನು ಎತ್ತಲೋ ಮುಖ ತಿರುಗಿಸಬೇಕೆಂದುಕೊಂಡವನು ತಿರುಗಿಸಲಿಲ್ಲ. ಅವಳು ಬಂದು ಹಿಡಿದಳು.

ನಾನು ಪಕ್ಕದಲ್ಲಿ ಬಗ್ಗಿ ನಿಂತೆ. ಹೋರಿ ಮೂಸಿತು, ತುಟಿ ಎತ್ತಿತು, ಹಾರಿತು. ಅಂಗ ಹೊರಗೆ ಬಂತು. ಬಂದದ್ದು ನೆಟ್ಟಗೆ ನಿಲ್ಲಲಿಲ್ಲ. ತುದಿ ಕೆಳಗೆ ಬಾಗಿ ನೆಲ ನೋಡಿತು. ಬಿಲ್ಲಿಗೆ ಹೆದೆ ಬಿಗಿದಂತೆ, ತುದಿಯ ಕೆಳಗಿನಿಂದ ಹಿಂದಿನ ಚರ್ಮಕ್ಕೆ ಒಂದು ತೆಳ್ಳನೆಯ ಎಳೆ ಬಿಗಿದುಕೊಂಡಿತ್ತು. ಹೋರಿ ಆಕಳ ತೊಡೆಗೆ ಗುದ್ದಿ, ಗುದ್ದಿ, ಸೋತು ಇಳಿಯಿತು. ಮತ್ತೆ ಹಾರಿತು. ಮತ್ತೆ ಹಾಗೇ.

ನಾನು ಕುಕ್ಕರಿಸಿ ಕುಳಿತುಬಿಟ್ಟೆ. ಹುಡುಕಿ ನೋಡುವಂಥ ದೋಷವೇ ಅಲ್ಲ ಅದು. ಮೊದಲನೇ ಸಲ ಹಾರಿದಾಗಲೇ, ಕಣ್ಣಿದ್ದ ಯಾರಿಗೇ ಆದರೂ ಕಾಣುವಂಥದ್ದು. ಸವಣೂರಿನಲ್ಲಿ ಅರ್ಧ ಗಳಿಗೆ ನಿಂತಿದ್ದರೆ ಸಾಕಿತ್ತು. ಒಂದು ಸೂಲಿನ ಕರು, ಅದರ ಹಾಲು ಏಳೆಂಟು ಮನೆಗೆ ಇಲ್ಲದಾಗಿತ್ತು. ಎಲ್ಲದಕ್ಕೂ ನನ್ನ ತಂಗಿಯ ಕೈ ಹೊಣೆಯಾಗಿತ್ತು.

ಡಾಕ್ಟರಮ್ಮ ವಿವರಿಸಿದಳು. ಕರುವಾಗಿದ್ದಾಗ ಎಲ್ಲ ಹೋರಿಗೂ ಆ ಎಳೆ ಇರುತ್ತದೆ, ಬೆಳೆಯುತ್ತ ತಾನಾಗಿ ಹರಿಯುತ್ತದೆ, ಇದರದು ಹರಿದಿಲ್ಲ.

ತಂಗಿಯ ಗಂಡ ಕೇಳಿದ. ‘ಕತ್ತರಿಸಿದ್ರ ಆಗಂಗಿಲ್ಲೇನ್ರಿ?’

‘ಆಗ್ತೈತಿ. ಸಣ್ಣ ಕೆಲಸ. ಗಾಯ ಮಾಯಿದಮ್ಯಾಲ ಹಾರಿದ್ರ ಆಕಳ ನಿಲ್ತಾವ. ಆದ್ರ ಇದು ಹುಟ್ಟಿನಿಂದ ಬಂದಿದ್ದು, ಹೋರಿಗರುಗಳಿಗೂ ಬರಬಹುದು. ಬೀಜಕ್ಕ ಇಡಬ್ಯಾಡ್ರಿ ಅಂತನ ನಾ ಹೇಳೂದು. ಬೀಜ ಒಡಿಸಿ, ಎತ್ತು ಮಾಡಿ ಹೊಲಕ್ಕ ಹೂಡ್ರಿ.’

ಆಕೆ ಕೈ ತೊಳೆಯಲು ಹೋದಾಗ ತಂಗಿಯ ಗಂಡ ನನ್ನನ್ನು ಗೋಡೆಯ ಮೂಲೆಗೆ ಎಳೆದ. ‘ಸುಮ್ಮ ಕತ್ತರಿಸಿಬಿಡೂಣು. ಯಾರಿಗೂ ಹೇಳೂದು ಬ್ಯಾಡ. ದೇವರಿಗೆ ಹರಕಿ ಹೊತ್ತಿದ್ವಿ ಅಂತ ಹೇಳಿದ್ರಾತು. ನಿಮ್ಮ ಮಾನಾನೂ ಉಳೀತೈತಿ, ನಮ್ಮದೂ ಉಳೀತೈತಿ.’

ಅವನು ಕೆಟ್ಟವನಲ್ಲ. ಹೆಂಡತಿಯ ಹೆಸರು ಉಳಿಯಲಿ ಎಂದೇ ಹೇಳಿದ. ನನಗೂ ಆ ದಾರಿ ಬಹಳ ಹಿತವೆನಿಸಿತು. ಮುಂದಿನ ಸುಗ್ಗಿಗೆ ಕರುಗಳು ಬರುತ್ತವೆ, ಎಲ್ಲರೂ ಮರೆಯುತ್ತಾರೆ. ಆದರೆ ಏನು ಮರೆಯುತ್ತಾರೆ? ಹರಕೆಯಿಂದ ಕೈಯ ದೋಷ ಹೋಯಿತು ಎನ್ನುತ್ತಾರೆ. ಹೋಯಿತು ಎಂದರೆ ಇತ್ತು ಎಂದೇ ಆಯಿತು. ತಂಗಿಯೂ ಸಾಯುವವರೆಗೆ ಅದನ್ನೇ ನಂಬುತ್ತಾಳೆ. ಆ ಮನೆಗಳಲ್ಲಿ ಹುಟ್ಟುವ ಹೋರಿಗರುಗಳು ಅದೇ ಎಳೆಯನ್ನು ಹೊತ್ತುಕೊಂಡು ಇನ್ನೊಂದು ಓಣಿಗೆ ಹೋಗುತ್ತವೆ.

‘ಬ್ಯಾಡ’ ಎಂದೆ. ‘ಎಲ್ಲಾರ್ನೂ ಕರೀರಿ.’

ಸಂಜೆ ಹಾಲು ಹಿಂಡಿದ ಮೇಲೆ ಓಣಿಯವರು ಹಿತ್ತಲಿಗೆ ಬಂದರು. ಅಜ್ಜಿಗೆ ಮಣೆ ಹಾಕಿದರು. ತಂಗಿ ಹೋರಿ ಮೇವು ತಿನ್ನುವ ಗ್ವಾದಲಿಯ ಪಕ್ಕ, ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು. ನಾನು ಹೋರಿಯ ದೋಷ ಏನೆಂದು, ಹೆಂಗಸರು ಇದ್ದಾರೆ ಎಂದು ನೋಡದೆ, ಇದ್ದ ಹೆಸರಿನಲ್ಲೇ ಹೇಳಿದೆ. ಒಬ್ಬಿಬ್ಬರು ತಲೆ ತಗ್ಗಿಸಿದರು.

‘ಇದು ಹುಟ್ಟಿದಾಗಿಂದ ಐತಿ. ಇಲ್ಲಿ ಬಂದಮ್ಯಾಲ ಆಗಿದ್ದಲ್ಲ. ಯಾರ ಕೈಯಿಂದನೂ ಬಂದಿದ್ದಲ್ಲ. ನಾ ಸವಣೂರಾಗ ಹಾರಿಸಿ ನೋಡಿದ್ರ ಅವತ್ತ ಕಾಣತಿತ್ತು. ಮಾರಿದವರು ನೋಡ್ರಿ ಅಂತ ಹೇಳಿದ್ರು. ನಾ ನೋಡ್ಲಿಲ್ಲ. ಹೋರಿ ನಾ ಒಯ್ತೇನಿ. ಬದಲಿ ಹೋರಿ ಹುಡುಕಿ, ನಿಮ್ಮ ಕಣ್ಣ ಮುಂದ ಹಾರಿಸಿ ತೋರಿಸಿ ಕಟ್ತೇನಿ.’

‘ದೊಡ್ಡ ಪರೀಕ್ಷಕ ಅಂತ ಕರಸಿದ್ವಿ! ಹಲ್ಲು ಎಣಸಾಕ ನಮ್ಮ ಮೊಮ್ಮಗಾ ಸಾಕಿದ್ದಾ’ ಎಂದು ಒಬ್ಬ ಯಜಮಾನ ಚುಚ್ಚಿದ. ಅದು ನ್ಯಾಯವಾಗಿಯೇ ಇತ್ತು.

ಅಜ್ಜಿ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದ್ದಳು. ‘ಯಾಕ ನೋಡ್ಲಿಲ್ಲ ಮತ್ತ? ಕಣ್ಣಿಗೆ ಏನಾಗಿತ್ತು?’

‘ತಂಗಿ ಬಾಜೂಕ ಇದ್ಲು. ನಾಚಿಕಿ ಬಂತು’ ಎಂದೆ. ಯಾರೂ ನಗಲಿಲ್ಲ. ಅಲ್ಲಿದ್ದ ಯಾರೂ ತಮ್ಮ ಅಕ್ಕತಂಗಿಯರ ಎದುರು ನೋಡುವವರಾಗಿರಲಿಲ್ಲ. ‘ನಿಮ್ಮೆಲ್ಲರ ಮುಂದ ಕೈ ಮುಗಿದು ಹೇಳತೇನಿ, ತಪ್ಪಾತು.’

ಜನ ಗುಜುಗುಜು ಮಾಡುತ್ತ ಎದ್ದು ಹೊರಟಿದ್ದರು. ಆಗ ಗ್ವಾದಲಿಯ ಕಡೆಯಿಂದ ತಂಗಿಯ ದನಿ ಬಂತು. ಅಷ್ಟು ಗಟ್ಟಿ ದನಿಯನ್ನು ನಾನು ಅವಳ ಬಾಯಿಂದ ಕೇಳಿರಲಿಲ್ಲ.

‘ಅಣ್ಣಾ, ಅವರಿಗೆ ಹೋರಿದು ಹೇಳಿದಿ. ಅಜ್ಜಿ ನನಗ ಬಂಜಿ ಕೈ ಅಂದಾಗ ನೀ ಹೂಂ ಅಂದಿದ್ದು ನನಗ ಕೇಳಸೇತಿ. ಅದನ್ನ ಯಾರಿಗೆ ಹೇಳ್ತಿ? ಇತ್ತ ನೋಡು.’

ಎಲ್ಲರೂ ನಿಂತಲ್ಲೇ ನಿಂತರು. ನಾನು ತಿರುಗಿ ಅವಳ ಮುಖ ನೋಡಿದೆ. ಎಲ್ಲರಿಗೂ ಕೇಳುವಂತೆ ಹೇಳಿದೆ:

‘ನಾಚಬಾರದಾಗ ನಾಚಿದ್ನಿ, ತಂಗಿ. ನಾಚಬೇಕಾದಾಗ ಹೂಂ ಅಂದ್ನಿ. ನಿನ್ನ ಕೈಯಾಗ ಏನೂ ಇಲ್ಲ, ಎಂದೂ ಇದ್ದಿದ್ದಿಲ್ಲ. ಅದು ನನಗ ಅವತ್ತೂ ಗೊತ್ತಿತ್ತು. ತಪ್ಪಾತವ್ವಾ. ನನ್ನ ಕ್ಷಮಾ ಮಾಡು.’